ಆದಿತಾಯಿಯ ಹೆಗಲು

ಬಿರುಕು ತಿಂಗಳು, ೨

ಚಿಪ್ಪು ಓದಿ ಬರೆದಿಡಲೆಂದು ಕುಲದ ಒಡತಿ ಕೊಟ್ಟ ತೊಗಟೆಯಲ್ಲಿ ಒಂದು ಕಂತೆ ಹೆಚ್ಚಿಗೆ ಬಂದಿದೆ. ವಾಪಸು ಕೊಡಬೇಕೆಂದರೆ ಕೋಟೆಯ ಮೆಟ್ಟಿಲು ಹತ್ತಬೇಕು. ನಾನು ಹತ್ತುವುದಿಲ್ಲ. ಇದರಲ್ಲಿ ನನ್ನ ಗೊಣಗಾಟವನ್ನು ಬರೆದುಕೊಳ್ಳುತ್ತೇನೆ.

ಓದಿನ ಹಬ್ಬಕ್ಕೆ ಇನ್ನು ಮೂವತ್ತು ದಿನ. ಅಷ್ಟರೊಳಗೆ ಕುಲದವರ ಮೈಯಿಂದ ಕಳಚಿದ, ಚಿಪ್ಪುಮನೆಯ ನಾನೂರು ಚಿಪ್ಪುಗಳನ್ನು ಇಳಿಸಿ, ತೊಳೆದು, ಒರೆಸಿ, ಮತ್ತೆ ಅದೇ ಗೂಟಕ್ಕೆ ನೇತುಹಾಕಬೇಕು. ಬೇರೆಯವರಿಗೆ ನಾಲ್ಕು ಕೈ. ನನಗಿರುವುದು ಎರಡು. ಉಳಿದೆರಡು ಹೊಳೆಯಾಚೆ ಎಲ್ಲೋ ಬಿದ್ದಿವೆ. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಗೂಟಗಳು ಹೆಚ್ಚುತ್ತಲೇ ಇವೆ, ನನ್ನ ಕೈ ಹೆಚ್ಚುತ್ತಿಲ್ಲ.

ಹಬ್ಬ ಮುಗಿದ ಮರುದಿನ ದಂಡು ಹೊಳೆಯಾಚೆಗೆ ಹೊರಡುತ್ತದೆ. ಈ ಸಲ ಯಾಕೆ ಎಂದು ಯಾರೋ ಹೇಳಿದರು, ಮರೆತೆ.

ಮನೆಗೆ ಬಂದರೆ ತಬೋಕ ಹಾಡು ಗುನುಗುತ್ತಾ ಗಂಜಿ ತಿರುವುತ್ತಿದ್ದ. ನನ್ನ ತಂಗಿ ಇಲ್ಮೆ ಈ ನೀರು ಹೊರುವವನನ್ನು ಯಾವ ಗಳಿಗೆಯಲ್ಲಿ ಕಟ್ಟಿಕೊಂಡಳೋ! ಅವಳು ಯುದ್ಧದಲ್ಲಿ ಸತ್ತು ನಾಲ್ಕು ವರ್ಷವಾಯಿತು, ಇವನು ಮಾತ್ರ ನನ್ನ ಮನೆಯಲ್ಲೇ ಉಳಿದಿದ್ದಾನೆ. ಹಾಡಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಮೂರು ಸ್ವರ ಹತ್ತುತ್ತದೆ, ಮೂರು ಸ್ವರ ಇಳಿಯುತ್ತದೆ, ಅಷ್ಟೆ.

"ಆ ಹಾಡು ನಿಲ್ಸಯ್ಯಾ, ತಲೆ ಸಿಡೀತಿದೆ" ಅಂದೆ.

"ಆಯ್ತು ಅತ್ತಿಗೆ" ಅಂದ. ಸ್ವಲ್ಪ ಹೊತ್ತಿಗೆ ಮತ್ತೆ ಶುರು.

ಬಗ್ಗಿದಾಗ ನೋಡಿದೆ. ಅವನ ಬೆನ್ನಿನ ನಡುವೆ ಕೂದಲೆಳೆಯಷ್ಟು ಬಿರುಕು. ಯುದ್ಧದ ಚಿಪ್ಪು ಬಿಡುವ ವಯಸ್ಸಾಯಿತು ಅವನಿಗೂ.

ಬಿರುಕು ತಿಂಗಳು, ೫

ಒಡತಿ ಮಹೇಖ ಚಿಪ್ಪುಮನೆಗೆ ಬಂದಿದ್ದಳು, ಜೊತೆಗೆ ಏಳೆಂಟು ಜನ ದಂಡಿನವರು.

"ಯೆಡ್ರಾ, ನಿಮ್ಮನೆ ನೀರಿನವನ ಬೆನ್ನು ಬಿರಿದಿದೆಯಂತೆ?"

"ಹೌದು ಒಡತಿ."

"ಗಾಯ ಗೀಯ ಏನಾದ್ರೂ ಇದ್ಯಾ ಮೈ ಮೇಲೆ?"

"ಹುಳ ಕಚ್ಚಿದ ಗುರುತೂ ಇಲ್ಲ" ಅಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಹಳ ದಿನವಾಗಿತ್ತು ನನ್ನ ಮಾತಿಗೆ ಜನ ನಕ್ಕು.

ಕಾನೂನು ಎಲ್ಲರಿಗೂ ಗೊತ್ತಿರುವುದೇ. ಚಿಕ್ಕಂದಿನಲ್ಲಿ ಬಿಡುವ ಎರಡು ಚಿಪ್ಪಿಗೆ ಬೆಲೆಯಿಲ್ಲ, ಅಡುಗೆಮನೆಯಲ್ಲಿ ಬೋಗುಣಿಯಾಗುತ್ತವೆ. ಮೂರನೆಯದು ಯುದ್ಧದ ಚಿಪ್ಪು. ಅದರ ಮೇಲೆ ಶತ್ರುವಿನ ಒಂದಾದರೂ ಗಾಯ ಇರಬೇಕು. ಇಲ್ಲದಿದ್ದರೆ ಅವನು ಬರಿಚಿಪ್ಪಿನವನು. ಮುಂದಿನ ದಂಡಿನಲ್ಲಿ ಇನ್ನೂ ಬಲಿಯದ ಹೊಸ ಚಿಪ್ಪಿನಲ್ಲಿ, ಗುರಾಣಿಯಿಲ್ಲದೆ, ಮೊದಲ ಸಾಲಿನಲ್ಲಿ ನಡೆಯಬೇಕು. ಶತ್ರುವೇ ಅವನ ಚಿಪ್ಪು ಸೀಳಲಿ ಅಂತ. ಮೊದಲ ಸಾಲಿನಿಂದ ನಡೆದು ವಾಪಸು ಬಂದವರನ್ನು ನಾನು ನೋಡಿಲ್ಲ.

ಆದಿತಾಯಿ ಕಮರಿಯ ಬಾಯಲ್ಲಿ ಒಬ್ಬಳೇ ನಿಂತು ಏಳು ಕತ್ತಿಯೇಟು ತಿಂದು ನಮ್ಮ ಕುಲವನ್ನು ಉಳಿಸಿದಳು. ನಾವು ಓಷ್ಕರು ಹುಟ್ಟಿದ್ದು ಆ ಏಳು ಗಾಯಗಳಿಂದ. ಅವಳ ಮಕ್ಕಳ ಮೈಮೇಲೆ ಒಂದೂ ಇಲ್ಲವೆಂದರೆ ಹೇಗೆ? ಪ್ರತಿ ಹಬ್ಬದಲ್ಲೂ ಇದನ್ನು ಜೋರಾಗಿ ಓದುವವಳು ನಾನೇ.

ರಾತ್ರಿಯೂಟಕ್ಕೆ ಕುಳಿತಾಗ ತಬೋಕನಿಗೆ ಹೇಳಿದೆ. "ಒಡತಿ ಕೇಳಿದ್ಲು. ಕಾನೂನು ಗೊತ್ತಲ್ಲ ನಿಂಗೆ?"

"ಗೊತ್ತು ಅತ್ತಿಗೆ" ಅಂದ. "ಗಂಜಿಗೆ ಉಪ್ಪು ಸಾಕಾ?"

ಉಪ್ಪು ಜಾಸ್ತಿಯಾಗಿತ್ತು. ಯಾವಾಗಲೂ ಜಾಸ್ತಿಯೇ.

ಬಿರುಕು ತಿಂಗಳು, ೭

ಇಲ್ಮೆಯ ಚಿಪ್ಪು ತೊಳೆದೆ. ಪ್ರತಿ ವರ್ಷ ಇದೊಂದನ್ನು ಮುಂದೂಡುತ್ತಾ ಹೋಗುತ್ತೇನೆ, ಕಡೆಗೆ ಯಾವುದೋ ದಿನ ಧೈರ್ಯ ಮಾಡಿ ಕೆಳಗಿಳಿಸುತ್ತೇನೆ. ಎದೆಯ ಮೇಲೆ ಐದು ಗಾಯ, ಪಕ್ಕೆಯಲ್ಲಿ ಎರಡು. ಉಪ್ಪುಗಡವಿನ ಯುದ್ಧ. ಓದುವವರಿಗೆ ಇಂಥ ಚಿಪ್ಪೆಂದರೆ ಹೆಮ್ಮೆ. ನಾನು ಬೇಗ ಬೇಗ ಒರೆಸಿ ಗೂಟಕ್ಕೆ ಹಾಕಿಬಿಡುತ್ತೇನೆ.

ಅವಳ ಬಲ ಮೇಲ್ಗೈಯಲ್ಲಿ ನಡುಬೆರಳು ಇರಲಿಲ್ಲ. ಅವಳಿಗೆ ಆರು ವರ್ಷವಿದ್ದಾಗ ನಾನು ಸಿಟ್ಟಿನಲ್ಲಿ ಬಾಗಿಲು ಎಳೆದುಕೊಂಡೆ, ಬೆರಳು ಸಂದಿಯಲ್ಲಿತ್ತು. ಕೇಳಿದವರಿಗೆಲ್ಲ ಅವಳು "ಕತ್ತಿ ಅಭ್ಯಾಸದಲ್ಲಿ ಹೋಯ್ತು" ಅನ್ನುತ್ತಿದ್ದಳು. ಸಾಯುವವರೆಗೂ ನನ್ನ ಹೆಸರು ಹೇಳಲಿಲ್ಲ.

ನನ್ನ ಬೆನ್ನೂ ತುರಿಸುತ್ತಿದೆ. ನಾಲ್ಕನೆಯ ಚಿಪ್ಪು ಬಿಡುವ ಕಾಲ ಇರಬೇಕು. ಅದನ್ನು ಬಿಟ್ಟು ಎದ್ದು ಬರುವವರು ಅರ್ಧಕ್ಕರ್ಧ. ಆಗ ನನ್ನ ಬಾಗಿಲಲ್ಲಿ ಯಾರು ಕೂರುತ್ತಾರೆ? ಬಂದಾಗ ನೋಡಿಕೊಂಡರಾಯಿತು.

ಬಿರುಕು ತಿಂಗಳು, ೯

ಬೆಳಿಗ್ಗೆ ತಬೋಕನ ಬೆನ್ನು ಪೂರ್ತಿ ಬಿರಿಯಿತು. ಒಳಕೋಣೆಗೆ ಹೋಗಿ ಪರದೆ ಎಳೆದುಕೊಂಡ. ಇನ್ನು ಒಂಬತ್ತು ದಿನ ಎಳೆಮೈ. ಬೆರಳಿಟ್ಟರೆ ಹರಿಯುವಂಥ ಮೈ, ಯಾರೂ ನೋಡಬಾರದು. ಬಾಗಿಲಲ್ಲಿ ಹತ್ತಿರದವರು ಒಬ್ಬರು ಚೂರಿ ಹಿಡಿದು ಬೆನ್ನು ತಿರುಗಿಸಿ ಕೂರಬೇಕು. ಹೆಂಡತಿ ಇಲ್ಲ, ಮಕ್ಕಳಿಲ್ಲ. ನಾನೇ ಕೂತೆ.

"ಕ್ಷಮಿಸಿ ಅತ್ತಿಗೆ" ಅಂದ ಒಳಗಿಂದ.

"ಯಾತಕ್ಕೆ?"

"ನಿಮಗೆ ಚಿಪ್ಪುಮನೆ ಕೆಲಸ ಇತ್ತು."

"ಚಿಪ್ಪುಗಳೇನು ಎದ್ದು ಓಡಿಹೋಗಲ್ಲ. ಬಾಯ್ಮುಚ್ಕೊಂಡು ಬಿದ್ಕೋ."

ಬಿದ್ದುಕೊಂಡ. ಸಂಜೆಯವರೆಗೆ ಸದ್ದಿಲ್ಲ. ಹಾಡೂ ಇಲ್ಲ. ಹೋಗಿಬಿಟ್ಟನೋ ಏನೋ ಎಂದು ಎರಡು ಸಲ ಕೂಗಿ ನೋಡಿದೆ.

ಬಿರುಕು ತಿಂಗಳು, ೧೧

ನೀರಿಲ್ಲ.

ಇಡೀ ಕೇರಿಗೆ ಕಮರಿಬಾವಿಯಿಂದ ನೀರು ತರುತ್ತಿದ್ದವನು ಇವನೊಬ್ಬನೇ ಎಂಬುದು ಗಡಿಗೆ ಬರಿದಾದ ಮೇಲೆ ನೆನಪಾಯಿತು. ಪಕ್ಕದ ಮನೆಯ ಮುದುಕಿ ಡೋರ್ಗಿ ಬಂದು ಬಾಗಿಲಲ್ಲಿ ನಿಂತು, "ಅವನಿಗೆ ಎಳೆಮೈ ಆದ್ರೆ ನಾವೇನು ಗಾಳಿ ಕುಡೀಬೇಕಾ?" ಅಂದಳು. ಹತ್ತು ಯುದ್ಧ ಮಾಡಿದವಳು, ಒಂದು ಗಡಿಗೆ ಎತ್ತಲಾರಳು.

ಬಾಗಿಲಿಗೆ ಚೂರಿ ಚುಚ್ಚಿಟ್ಟು ಹೋದರೆ ಕಾವಲಿದ್ದ ಹಾಗೆ. ಹಾಗೇ ಮಾಡಿ ಇಳಿದೆ. ಇನ್ನೂರ ಹನ್ನೆರಡು ಮೆಟ್ಟಿಲು. ಗಡಿಗೆಗಳಿಗೆ ಹಗ್ಗ ಕಟ್ಟಿ, ಹಗ್ಗವನ್ನು ಎರಡೂ ಹೆಗಲಿಗೆ ಹಾಕಿ, ಮುಂದಕ್ಕೆ ಬಾಗಿ ಹತ್ತಬೇಕು. ನೂರನೆಯ ಮೆಟ್ಟಿಲಲ್ಲಿ ಕೂತು ಅತ್ತೆ. ಕೈ ಹೋದ ದಿನ ಅತ್ತಿರಲಿಲ್ಲ.

ಬಿರುಕು ತಿಂಗಳು, ೧೨

ನೀರು. ಬೆನ್ನು.

ಬಿರುಕು ತಿಂಗಳು, ೧೩

ನೀರು. ಡೋರ್ಗಿಗೂ ಒಂದು ಗಡಿಗೆ ಹಾಕಿದೆ. ನಿನ್ನೆಗಿಂತ ಕಡಿಮೆ ಇದೆ ಅಂದಳು.

ಬಿರುಕು ತಿಂಗಳು, ೧೫

ಇಂದು ಗಂಜಿ ಒಳಗೆ ಸರಿಸಿ ಬೆನ್ನು ತಿರುಗಿಸಿ ಕೂತಾಗ ಏದುಸಿರು ಬರುತ್ತಿತ್ತು. ಅವನಿಗೆ ಕೇಳಿಸಿತು.

"ಹಗ್ಗದ ಕೆಳಗೆ ಬಟ್ಟೆ ಮಡಚಿ ಇಟ್ಕೊಳ್ಳಿ ಅತ್ತಿಗೆ. ಉಸಿರನ್ನ ಮೂರು ಮೆಟ್ಟಿಲಿಗೆ ಒಳಗೆ, ಮೂರು ಮೆಟ್ಟಿಲಿಗೆ ಹೊರಗೆ. ಗುನುಗಿದ್ರೆ ಲೆಕ್ಕ ತಪ್ಪಲ್ಲ."

ಆ ಹಾಡು ಅದಕ್ಕಾ! ನಾಲ್ಕು ವರ್ಷ ಬೈದಿದ್ದೇನೆ.

ಸುಮ್ಮನಿರಲಾರದೆ ಕೇಳಿದೆ. "ಉಪ್ಪುಗಡವಿಗೆ ನೀನೂ ಹೋಗಿದ್ಯಲ್ಲ, ದಂಡಿಗೆ ನೀರು ಹೊರೋದಕ್ಕೆ. ಅಲ್ಲೂ ಒಂದು ಏಟು ಬೀಳ್ಲಿಲ್ವಾ ನಿನಗೆ?"

"ಬೀಳ್ಲಿಲ್ಲ ಅತ್ತಿಗೆ. ಬಾಣ ಎಲ್ಲ ಅತ್ತಿತ್ತ ಹೋದವು. ನನ್ನ ಗ್ರಹಚಾರ."

"ಇಲ್ಮೇನ ತಂದೋರು ಯಾರು? ಒಡತಿ ಕಡೆಯವರಾ?"

ಒಳಗೆ ಬಟ್ಟಲಿನ ಸದ್ದು ನಿಂತಿತು.

"ನಾನೇ ಹೊತ್ಕೊಂಡು ಬಂದದ್ದು."

"ಕಡವಿನಿಂದ ಇಲ್ಲಿವರೆಗಾ? ಮೂರು ದಿನದ ದಾರಿ!"

"ಹೂಂ."

"ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಅತ್ತಿಗೆ. ನೀವು ಬಾಗಿಲು ತೆಗೆದ್ರಿ, ಅವಳನ್ನ ತಗೊಂಡ್ರಿ, ಬಾಗಿಲು ಹಾಕ್ಕೊಂಡ್ರಿ."

ನಿಜ ಇರಬೇಕು. ಆ ದಿನ ನಾನು ಅವಳೊಬ್ಬಳನ್ನೇ ನೋಡಿದ್ದು, ಹೊತ್ತವನ ಮುಖ ನೋಡಿರಲಿಲ್ಲ.

"ದಾರೀಲಿ ಬದುಕಿದ್ಲಾ?"

"ಮೊದಲ ದಿನ ಪೂರ್ತಿ ಬೈತಿದ್ಲು, ನಿಧಾನಕ್ಕೆ ನಡೀತೀಯ ಅಂತ. ಎರಡನೇ ದಿನ ಮಧ್ಯಾಹ್ನದವರೆಗೂ ಕತ್ತು ಗಟ್ಟಿಯಾಗಿ ಹಿಡ್ಕೊಂಡಿದ್ಲು. ಆಮೇಲೆ ಹಿಡಿತ ಸಡಿಲವಾಯ್ತು."

ಹಾಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುವುದು ಒಳ್ಳೆಯದೇ, ಮುಖ ತೋರಿಸಬೇಕಾಗಿಲ್ಲ.

ಬಿರುಕು ತಿಂಗಳು, ೧೮

ತಬೋಕ ಎದ್ದು ಹೊರಗೆ ಬಂದ. ಹೊಸ ಚಿಪ್ಪು ತೆಳ್ಳಗೆ, ತಿಳಿ ಹಸಿರು. ಬಲಿಯಲು ವರ್ಷ ಬೇಕು. ಅವನಿಗೆ ಇರುವುದು ಹದಿನೈದು ದಿನ.

ಹಳೆಯದನ್ನು ಚಿಪ್ಪುಮನೆಗೆ ಒಯ್ದು ಮೇಜಿನ ಮೇಲಿಟ್ಟು ಓದಿದೆ. ಬೆಳಕಿಗೆ ಹಿಡಿದೆ, ತಿರುಗಿಸಿದೆ, ಮತ್ತೆ ಹಿಡಿದೆ. ಎರಡೂ ಹೆಗಲ ಮೇಲೆ ಹಗ್ಗದ ಗೀರುಗಳು; ಅವು ಸವೆತ, ಗಾಯವಲ್ಲ. ಕತ್ತಿನ ಹಿಂದೆ ಮೂರು ಸಣ್ಣ ತೂತು, ಹುಳ ಕೊರೆದಿರಬೇಕು. ಬೇರೇನೂ ಇಲ್ಲ. ಒಂದು ಗೀಚಾದರೂ ಸಿಗಲಿ ಎಂದು ಮಧ್ಯಾಹ್ನವೆಲ್ಲ ಹುಡುಕಿದೆ. ಯಾಕೆ ಹುಡುಕಿದೆನೋ! ಓದುವವಳು ಹುಡುಕಬಾರದು, ಇದ್ದದ್ದನ್ನು ಬರೆಯಬೇಕು.

ತೊಗಟೆಯ ಮೇಲೆ "ಶತ್ರುವಿನ ಗಾಯವಿಲ್ಲ" ಎಂದು ಬರೆದು ಕಟ್ಟಿದೆ. ಮನೆಗೆ ಬಂದಾಗ ಅವನು ಗಂಜಿ ಬಡಿಸಿ ಕಾಯುತ್ತಿದ್ದ. ಏನು ಬರೆದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಬೈಯಬಹುದಿತ್ತು.

ಬಿರುಕು ತಿಂಗಳು, ೨೧

ದೊಡ್ಡ ತಪ್ಪಾಗಿದೆ.

ಆದಿತಾಯಿಯ ಚಿಪ್ಪನ್ನು ತಣ್ಣೀರಿನಲ್ಲಿ ಬಟ್ಟೆ ಅದ್ದಿ ಮೇಲೆ ಮೇಲೆ ಒರೆಸಬೇಕು, ಆಮೇಲೆ ಏಳು ಗಾಯಗಳಿಗೂ ಕೆಂಪು ಬಳಿಯಬೇಕು. ನನಗೆ ಮುಂಚೆ ಇದ್ದವಳು ಹಾಗೆ ಮಾಡಿದಳು, ಅವಳಿಗೆ ಮುಂಚಿನವಳೂ ಹಾಗೆಯೇ. ಇಂದು ಬೆಳಿಗ್ಗೆ ಬೆನ್ನು ಎತ್ತಲಾಗುತ್ತಿರಲಿಲ್ಲ. (ಬಾವಿಗೆ ತಬೋಕ ಹೋಗುತ್ತೇನೆಂದರೂ ನಾನೇ ಇಳಿದೆ. ಆ ತೆಳು ಚಿಪ್ಪಿನಲ್ಲಿ ಅವನು ಹಗ್ಗ ಹಾಕಿಕೊಂಡರೆ ಹರಿದುಹೋಗುತ್ತದೆ.) ಬೇಗ ಮುಗಿಯಲೆಂದು ಬೂದಿನೀರಿನ ಗಡಿಗೆಯನ್ನೇ ಚಿಪ್ಪಿನ ಮೇಲೆ ಸುರಿದು ಕೂತುಬಿಟ್ಟೆ. ಕಣ್ಣು ಹತ್ತಿತು. ಎದ್ದು ನೋಡಿದರೆ ನೆಲವೆಲ್ಲ ಕೆಂಪು.

ಎಷ್ಟು ತಲೆಮಾರಿನ ಬಣ್ಣವೋ, ಹೆಂಟೆ ಹೆಂಟೆಯಾಗಿ ಎದ್ದುಬಂದಿದೆ. ಚಿಪ್ಪಿನ ಮೇಲೆ ಬಟ್ಟೆ ಹೊದಿಸಿ ಬೀಗ ಹಾಕಿ ಬಂದೆ. ಊಟ ಸೇರಲಿಲ್ಲ.

ಬಿರುಕು ತಿಂಗಳು, ೨೨

ಒಡತಿ ಬರುವ ಮುಂಚೆ ಬಳಿದುಬಿಡೋಣ ಎಂದು ಬಣ್ಣ ಅರೆದುಕೊಂಡು ಹೋದೆ. ಕುಂಚವನ್ನು ಮೊದಲ ಗಾಯದೊಳಗೆ ಇಟ್ಟೆ. ಕುಂಚ ಜಾರಿತು.

ಕತ್ತಿಯ ಗಾಯದೊಳಗೆ ಕುಂಚ ಜಾರುವುದಿಲ್ಲ. ಕತ್ತಿ ಬಿದ್ದ ಕಡೆ ತಳ ಚೂಪು, ಅಂಚು ಸೀಳು, ಬೆರಳಿಟ್ಟರೆ ಹಿಡಿಯುತ್ತದೆ. ಸಾವಿರ ಗಾಯ ಮುಟ್ಟಿದ ಬೆರಳು ನನ್ನದು. ಇದರ ತಳ ದುಂಡಗೆ, ನುಣ್ಣಗೆ. ಏಳಕ್ಕೆ ಏಳೂ ಹಾಗೇ. ಒಂದು ಹೆಗಲಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು, ಎಲ್ಲವೂ ಹಿಂದಿನಿಂದ ಮುಂದಕ್ಕೆ, ಒಂದರ ಪಕ್ಕ ಒಂದು. ಏಳು ಶತ್ರುಗಳು ಹೀಗೆ ಅಳತೆ ಹಿಡಿದು ಹೊಡೆಯುತ್ತಾರೆಯೇ?

ಸುಮ್ಮನೆ ನನ್ನ ಹೆಗಲು ಮುಟ್ಟಿಕೊಂಡೆ. ಹತ್ತು ದಿನ ಹಗ್ಗ ಎಳೆದು ಹಳೇ ಚಿಪ್ಪಿನ ಮೇಲೆ ಬಿದ್ದ ಗೀರು. ಬೆರಳಿಗೆ ಎರಡೂ ಒಂದೇ.

ಕುಂಚ ತೊಳೆದು ಎತ್ತಿಟ್ಟೆ.

ಬಿರುಕು ತಿಂಗಳು, ೨೩

ಇನ್ನೂ ಇದೆ. ಕತ್ತಿನ ಹಿಂದೆ, ಬಣ್ಣದಡಿ ಮುಚ್ಚಿಹೋಗಿದ್ದ ಸಣ್ಣ ತೂತುಗಳು. ಐದೈದು ಒಟ್ಟಿಗೆ. ಉಗುರು ಊರಿದ ಗುರುತು. ಮಕ್ಕಳ ಕೈ. ಒಂದೇ ಕೈಯಲ್ಲ, ದೊಡ್ಡದು, ಚಿಕ್ಕದು, ತೀರಾ ಚಿಕ್ಕದು. ಒಂದರ ಮೇಲೊಂದು ಬಿದ್ದಿವೆ. ಹನ್ನೊಂದನ್ನು ಬಿಡಿಸಿದೆ.

ಕಮರಿಯಲ್ಲಿ ನೀರೇರಿತ್ತೋ, ಬೆಂಕಿ ಬಿದ್ದಿತ್ತೋ, ಚಿಪ್ಪು ಅದನ್ನು ಹೇಳುವುದಿಲ್ಲ. ಹಗ್ಗ ಹೆಗಲಿಗೆ ಹಾಕಿ, ಬೆನ್ನಿಗೆ ಮಕ್ಕಳನ್ನು ಅಂಟಿಸಿಕೊಂಡು, ಆಗಿನ್ನೂ ಮೆಟ್ಟಿಲಿಲ್ಲದ ಕಮರಿಯ ಗೋಡೆಯನ್ನು ಅವಳು ಮತ್ತೆ ಮತ್ತೆ ಹತ್ತಿದ್ದಾಳೆ. ಅಷ್ಟು ಮಾತ್ರ ಅದರ ಮೇಲಿದೆ. ಶತ್ರುವಿನ ಗಾಯ ಒಂದೂ ಇಲ್ಲ.

ಆಗ ನೆನಪಾಯಿತು. ಚಿಪ್ಪುಮನೆಯ ಆಚೆ ತುದಿಗೆ ಓಡಿದೆ, ಈ ಕಾಲಲ್ಲಿ ಓಡಿದೆ, ತಬೋಕನ ಚಿಪ್ಪು ಇಳಿಸಿದೆ. ಕತ್ತಿನ ಹಿಂದಿನ ಮೂರು ತೂತು. ಹುಳ ಕೊರೆದದ್ದಲ್ಲ. ಎರಡು ಒಟ್ಟಿಗೆ, ನಡುವೆ ಒಂದು ಬೆರಳಿನ ಜಾಗ ಖಾಲಿ, ಆಮೇಲೆ ಇನ್ನೊಂದು. ಹೆಬ್ಬೆರಳು ಆಚೆ ಪಕ್ಕದಲ್ಲಿ, ಚಿಪ್ಪನ್ನು ತೂರದೆ ಬರೀ ತಗ್ಗು ಮಾಡಿದೆ.

ಆ ಖಾಲಿ ಜಾಗ ಮಾಡಿದವಳು ನಾನು, ಬಾಗಿಲು ಎಳೆದು. ಒಂದೂವರೆ ದಿನ ಅವಳು ಅಷ್ಟು ಗಟ್ಟಿಯಾಗಿ ಹಿಡಿದಿದ್ದಾಳೆ. ನನ್ನ ಬೆರಳುಗಳನ್ನು ಆ ತೂತುಗಳಲ್ಲಿ ಇಟ್ಟೆ. ಇಲ್ಮೇ, ಇಲ್ಮೇ ಎಂದು ಕೂಗಿದೆನಂತೆ. ಹೊರಗೆ ಹೋಗುತ್ತಿದ್ದ ಡೋರ್ಗಿ ಬಾಗಿಲು ಬಡಿದು, ಮುದುಕಿಗೆ ಹುಚ್ಚು ಹಿಡಿಯಿತು ಅಂದಳು.

ಬಿರುಕು ತಿಂಗಳು, ೨೬

ಒಡತಿ ಬಂದು ಬಟ್ಟೆ ಎತ್ತಿ ನೋಡಿದಳು. ಮುಖ ಬಿಳಿಚಿತು.

"ತೊಳೆಯೋಕೆ ಯಾರು ಹೇಳಿದ್ರು ನಿನಗೆ?"

"ಯಾರೂ ಇಲ್ಲ. ಬೆನ್ನು ನೋಯ್ತಿತ್ತು. ಒಡತಿ, ಸ್ವಲ್ಪ ಇಲ್ಲಿ ಬೆರಳಿಟ್ಟು ನೋಡಿ..."

"ನೋಡಲ್ಲ." ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಹಬ್ಬಕ್ಕೆ ಮುಂಚೆ ಬಳಿ. ಪ್ರತಿ ವರ್ಷ ಓದ್ದಂಗೆ ಓದು. ಇಲ್ದಿದ್ರೆ ಬೀಗದಕೈ ನಿನ್ನ ಹತ್ರ ಇರಲ್ಲ, ನಿನ್ನ ಚಿಪ್ಪು ಈ ಗೂಟದ ಮೇಲಿರಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

ನನ್ನ ಯುದ್ಧದ ಚಿಪ್ಪು ಬಾಗಿಲಿನಿಂದ ಒಂಬತ್ತನೆಯದು, ಇಲ್ಮೆಯದಕ್ಕೆ ಎದುರಿಗೆ. ಎರಡು ಕೈ ಕೊಟ್ಟು ಪಡೆದ ಗೂಟ.

ತಬೋಕನಿಗೆ ಎಲ್ಲವನ್ನೂ ಹೇಳಿದೆ. ಇಲ್ಮೆಯ ಬೆರಳಿನದನ್ನೂ. ಅವನು ಒಲೆಗೆ ಒಂದು ಸೌದೆ ತಳ್ಳಿದ. ಆಮೇಲೆ, "ಬಳಿದುಬಿಡಿ ಅತ್ತಿಗೆ" ಅಂದ. "ನಾನು ಹೇಗೂ ಹೊರಡ್ತೀನಿ. ನೀವು ಈ ವಯಸ್ಸಲ್ಲಿ ಬೀದಿಗೆ ಬೀಳೋದು ಯಾಕೆ? ಗೋಡೆ ಪಕ್ಕ ಒಂದು ತಿಂಗಳಿಗಾಗೋಷ್ಟು ಸೌದೆ ಜೋಡಿಸಿದೀನಿ. ಡೋರ್ಗಿಯಮ್ಮನಿಗೆ ದಿನ ಬಿಟ್ಟು ದಿನ ನೀರು ಹಾಕಿದ್ರೆ ಸಾಕು, ಸುಮ್ನೆ ಕೂಗಾಡ್ತಾಳೆ."

ಸೌದೆ ಜೋಡಿಸಿದ್ದಾನಂತೆ! ಸಾಯಲು ಹೋಗುವವನು! ಗಂಜಿಯ ಬಟ್ಟಲು ತಳ್ಳಿ ಎದ್ದುಹೋದೆ.

ಬಿರುಕು ತಿಂಗಳು, ೩೧

ಬಣ್ಣ ಅರೆದಿಟ್ಟಿದೆ. ನಾಳೆ ಹಬ್ಬ. ಸುಸ್ತು.

ಬಿರುಕು ತಿಂಗಳು, ೩೨. ಓದಿನ ಹಬ್ಬ

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಚಿಪ್ಪುಮನೆಯ ಅಂಗಳದಲ್ಲಿ ಕುಲದವರೆಲ್ಲ ಸೇರಿದ್ದರು. ದಂಡಿನವರು ಒಂದು ಕಡೆ, ಮುದುಕರು ಒಂದು ಕಡೆ. ಈ ವರ್ಷದ ಬರಿಚಿಪ್ಪಿನವನು ಒಬ್ಬನೇ. ನಡುವೆ ಕಲ್ಲಿನ ಮೇಲೆ ನಿಲ್ಲಿಸಿದ್ದರು. ಮಕ್ಕಳು ಅವನನ್ನು ನೋಡಿ ನೀರು ಹೊರುವ ಹಾಗೆ ಬಾಗಿ ಅಣಕಿಸುತ್ತಿದ್ದವು. ಅವನೂ ನಗುತ್ತಿದ್ದ, ಪೆದ್ದ.

ಮೊದಲು ಆದಿತಾಯಿಯ ಓದು. ನಾನು ಬಟ್ಟೆ ಎಳೆದೆ. ಕೆಂಪು ಇರಲಿಲ್ಲ. ಬೂದಿ ಬಣ್ಣದ ಹಳೆಯ ಚಿಪ್ಪು, ಅಷ್ಟೆ. ಅಂಗಳದಲ್ಲಿ ಗುಜುಗುಜು ಎದ್ದಿತು. ಒಡತಿ ಎದ್ದು ನಿಂತಳು.

ನಾನು ಓದಿದೆ. ಕಲಿತದ್ದನ್ನಲ್ಲ, ಬೆರಳಿಗೆ ಸಿಕ್ಕಿದ್ದನ್ನು. "ಎಡಹೆಗಲು, ಹಗ್ಗದ ಗೀರು ಮೂರು. ಬಲಹೆಗಲು, ಹಗ್ಗದ ಗೀರು ನಾಲ್ಕು. ಕತ್ತಿನ ಹಿಂದೆ ಮಕ್ಕಳ ಕೈ, ಹನ್ನೊಂದು. ಶತ್ರುವಿನ ಗಾಯವಿಲ್ಲ."

"ಬಾಯ್ಮುಚ್ಚು!" ಯಾರೋ ಕೂಗಿದರು. "ಆದಿತಾಯಿ ಬರಿಚಿಪ್ಪಿನವಳು ಅಂತೀಯೇನೇ ಮುದುಕಿ!" ಒಂದು ಕಲ್ಲು ಬಂದು ನನ್ನ ಎದೆಗೆ ಬಡಿಯಿತು.

"ಚಿಪ್ಪು ಹೇಳ್ತಿದೆ, ನಾನಲ್ಲ" ಅಂದೆ. "ಸುಳ್ಳಾದ್ರೆ ಬಂದು ಮುಟ್ಟಿ ನೋಡಿ. ನೀವೆಲ್ಲ ಕತ್ತಿ ಹಿಡಿದೋರೇ ಅಲ್ವಾ? ನಿಮ್ಮ ಗಾಯ ಹೇಗಿರುತ್ತೆ ಅಂತ ನಿಮಗೆ ಗೊತ್ತಿಲ್ವಾ?"

ಕಡೆಗೆ ಎದ್ದವಳು ಡೋರ್ಗಿ. ಹತ್ತು ಯುದ್ಧದವಳು; ಅವಳನ್ನು ತಡೆಯುವ ಧೈರ್ಯ ಯಾರಿಗಿದೆ? ಕುಂಟುತ್ತಾ ಬಂದು ಹೆಗಲ ಗೀರಿನಲ್ಲಿ ಬೆರಳು ಓಡಿಸಿದಳು, ತನ್ನ ಪಕ್ಕೆಯ ಗಾಯ ಮುಟ್ಟಿಕೊಂಡಳು, ಮತ್ತೆ ಗೀರಿಗೆ ಬಂದಳು. ಆಮೇಲೆ ಕತ್ತಿನ ಹಿಂದೆ.

"ಇದು ಕೂಸಿನ ಕೈ ಕಣ್ರೋ" ಅಂದಳು. "ನನ್ನ ಮಗಳು ಹೀಗೇ ಉಗುರು ಊರ್ತಿದ್ಲು."

ಅವಳ ಹಿಂದೆ ಒಬ್ಬೊಬ್ಬರೇ ಬಂದರು. ಮುದುಕರು, ಆಮೇಲೆ ದಂಡಿನವರು. ಮುಟ್ಟಿದವರು ತಂತಮ್ಮ ಗಾಯವನ್ನೂ ಮುಟ್ಟಿ ನೋಡಿಕೊಂಡರು. ಕಲ್ಲು ಎಸೆದವನೂ ಬಂದ.

ಕೊನೆಯಲ್ಲಿ ಒಡತಿ. ತನ್ನ ದೊಡ್ಡ ಬೆರಳುಗಳನ್ನು ಆ ತೂತುಗಳ ಮೇಲಿಟ್ಟಳು. ಅವು ಒಳಗೆ ಹೋಗಲಿಲ್ಲ.

"ಓದು ಮುಗೀತಾ?" ಅಂದಳು.

"ಇನ್ನೊಂದು ಚಿಪ್ಪಿದೆ."

ತಬೋಕನದನ್ನು ಪಕ್ಕದಲ್ಲಿಟ್ಟೆ. "ಮೊದಲು ನಾನು ಇದನ್ನು ತಪ್ಪಾಗಿ ಓದಿ ಬರೆದೆ. ಈಗ ಸರಿಯಾಗಿ ಓದುತ್ತೇನೆ. ಎರಡೂ ಹೆಗಲು, ಹಗ್ಗದ ಗೀರು. ಕತ್ತಿನ ಹಿಂದೆ ಒಂದು ಕೈ. ನಡುಬೆರಳಿಲ್ಲ. ನನ್ನ ತಂಗಿ ಇಲ್ಮೆಯ ಕೈ; ಉಪ್ಪುಗಡವಿನಿಂದ ಮೂರು ದಿನದ ದಾರಿ. ಶತ್ರುವಿನ ಗಾಯವಿಲ್ಲ." ಒಡತಿಯ ಕಡೆ ತಿರುಗಿದೆ. "ಆದಿತಾಯಿಗೆ ಏನು ಕಾನೂನೋ ಇವನಿಗೂ ಅದೇ ಮಾಡಿ ಒಡತಿ. ಇವನು ಮೊದಲ ಸಾಲಿಗೆ ಹೋಗ್ಬೇಕು ಅಂದ್ರೆ ಈ ಚಿಪ್ಪನ್ನೂ ಎತ್ಕೊಂಡು ಹೋಗಿ ಅಲ್ಲೇ ನಿಲ್ಸಿ."

ಒಡತಿ ನನ್ನನ್ನು ನೋಡಲಿಲ್ಲ. ಎರಡು ಚಿಪ್ಪುಗಳನ್ನೂ ನೋಡಿದಳು.

"ಆದಿತಾಯೀನ ಮೊದಲ ಸಾಲಲ್ಲಿ ನಿಲ್ಸೋಕೆ ನನ್ನಿಂದಾಗಲ್ಲ" ಅಂದಳು ಕೊನೆಗೆ. ಆಮೇಲೆ ತಬೋಕನ ಕಡೆ ತಿರುಗಿ, "ಕೆಳಗಿಳಿಯೋ. ನೀನು ಕೊನೇ ಸಾಲು. ಹಗ್ಗ ತಗೊಂಡು ಬಾ. ಬಿದ್ದೋರನ್ನ ಎತ್ತು" ಅಂದಳು. ಆಮೇಲೆ ನನ್ನ ಮುಂದೆ ಕೈ ಚಾಚಿದಳು. "ಬೀಗದಕೈ."

ಕೊಟ್ಟೆ. ಹಗುರವಾಯಿತು ಎಂದು ಬರೆದರೆ ಸುಳ್ಳು. ದಾರಿಯುದ್ದಕ್ಕೂ ಸೊಂಟ ತಡವಿಕೊಳ್ಳುತ್ತಾ ಬಂದೆ.

ದಂಡಿನ ತಿಂಗಳು, ೧

ಹೊರಟರು. ತಬೋಕ ಕೊನೆಯ ಸಾಲಿನಲ್ಲಿ, ಹೆಗಲಿಗೆ ಹಗ್ಗದ ಸುರುಳಿ. ಹಗ್ಗದ ಕೆಳಗೆ ಮಡಚಿದ ಬಟ್ಟೆ ಇದೆಯೋ ಇಲ್ಲವೋ ಎಂದು ನೋಡಲು ಮಾತ್ರ ಬೀದಿಗೆ ಹೋಗಿದ್ದೆ. ಇತ್ತು.

ದಂಡಿನ ತಿಂಗಳು, ೪

ನನ್ನ ಚಿಪ್ಪನ್ನು ಗೂಟದಿಂದ ಇಳಿಸಿ ಮನೆಗೆ ಕಳಿಸಿದ್ದಾರೆ. ಎಲ್ಲಿಡುವುದು? ಮೂಲೆಯಲ್ಲಿಟ್ಟರೆ ಕಾಲಿಗೆ ಅಡ್ಡ ಬರುತ್ತದೆ. ಕತ್ತಿ ಸೀಳಿದ ಕಡೆ ಮೇಣ ತುಂಬಿ, ಅಂಗಾತ ಮಲಗಿಸಿ, ಬಾಗಿಲ ಹತ್ತಿರ ನೀರಿನ ತೊಟ್ಟಿ ಮಾಡಿದೆ. ಐದು ಗಡಿಗೆ ಹಿಡಿಯುತ್ತದೆ. ಅಷ್ಟು ವರ್ಷ ಗೂಟದ ಮೇಲೆ ಖಾಲಿ ಇತ್ತು.

ದಂಡಿನ ತಿಂಗಳು, ೧೦

ಮೂರು ಮೆಟ್ಟಿಲಿಗೆ ಉಸಿರು ಒಳಗೆ, ಮೂರು ಮೆಟ್ಟಿಲಿಗೆ ಹೊರಗೆ. ಡೋರ್ಗಿ ಬಾಗಿಲಲ್ಲಿ ನಿಂತು, "ನೀನೂ ಶುರು ಮಾಡಿದ್ಯಾ ಆ ಹಾಳು ಹಾಡನ್ನ?" ಅಂದಳು. ನಾನೆಲ್ಲಿ ಹಾಡಿದೆ? ಮುದುಕಿಗೆ ಕಿವಿ ಸರಿಯಿಲ್ಲ.

ಗಂಜಿಗೆ ಎಷ್ಟು ಉಪ್ಪು ಹಾಕಿದರೂ ಸಪ್ಪೆ.

ದಂಡಿನ ತಿಂಗಳು, ೧೭

ಬೆನ್ನು ಬಿರಿಯತೊಡಗಿದೆ. ಈಗಲೇ ಬೇಡ. ಬಾಗಿಲಲ್ಲಿ ಕೂರಲು ಯಾರೂ ಇಲ್ಲ. ಸಾಯಲು ಹೆದರಿಕೆಯಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಹೆದರಿಕೆಯಿದೆ.

ದಂಡಿನ ತಿಂಗಳು, ೨೨

ಮಧ್ಯಾಹ್ನ ಬೀದಿಯಲ್ಲಿ ಸದ್ದು. ದಂಡಿನವರು ಮೂರು ಪಾಲಿನಲ್ಲಿ ಎರಡು ಪಾಲು ವಾಪಸು ಬಂದರು. ಎಲ್ಲರ ಹಿಂದೆ ತಬೋಕ, ಧೂಳು ಹಿಡಿದು, ನೆಲ ನೋಡುತ್ತಾ. ಬೆನ್ನಿನ ಮೇಲೆ ಒಬ್ಬ ಹುಡುಗಿ. ಅವಳನ್ನು ಅವಳ ಮನೆಯವರ ಕೈಗೆ ಕೊಟ್ಟು ಬಂದು ಬಾಗಿಲಲ್ಲಿ ನಿಂತ.

"ನೀರಿದ್ಯಾ ಅತ್ತಿಗೆ?"

"ಇದೆ" ಅಂದೆ. ತೊಟ್ಟಿ ತುಂಬಿತ್ತು.

ಬಗ್ಗಿ ಕುಡಿದ. ಚಿಪ್ಪು ಓದುವ ಕೆಲಸ ಈಗ ನನ್ನದಲ್ಲ. ಆದರೂ ಅವನ ಹಿಂದೆ ನಿಂತು ಓದಿದೆ. ಎಳೆಯ ಚಿಪ್ಪು, ಉಗುರುಗಳು ಆಳಕ್ಕೆ ಇಳಿದಿವೆ. ಒಂಬತ್ತು ಕೈ. ಒಂದು ಬಹಳ ದೊಡ್ಡದು. ಆ ಬೆರಳುಗಳನ್ನು ನಾನು ಬಲ್ಲೆ. ಹಬ್ಬದ ದಿನ ಆದಿತಾಯಿಯ ಕತ್ತಿನ ಮೇಲೆ ಇದ್ದವು.

"ಒಡತೀನಾ?" ಅಂದೆ.

"ತುಂಬಾ ಭಾರ" ಅಂದ.

ಎದ್ದವನು ನನ್ನ ಬೆನ್ನು ನೋಡಿದ. ಒಳಕೋಣೆಗೆ ಹೋಗಿ ಚಾಪೆ ಹಾಸಿದ, ಪರದೆ ಕಟ್ಟಿದ, ಚೂರಿ ತಂದು ಬಾಗಿಲ ಪಕ್ಕ ಇಟ್ಟುಕೊಂಡ.

"ಊಟ ಮಾಡಿ ಮಲಕ್ಕೋ ಮೊದಲು" ಅಂದೆ. "ನಿಂತಲ್ಲೇ ತೂಕಡಿಸ್ತಿದ್ದೀಯ."

"ಕೂತು ತೂಕಡಿಸ್ತೀನಿ ಅತ್ತಿಗೆ. ನೀವು ಒಳಗೆ ಹೋಗಿ."

ಪರದೆಯ ಒಳಗಿನಿಂದ ಬರೆಯುತ್ತಿದ್ದೇನೆ. ಬೆನ್ನು ಪೂರ್ತಿ ಬಿಟ್ಟುಕೊಂಡಿದೆ. ಇನ್ನು ಕೈ ಆಡುವುದಿಲ್ಲ. ಆಚೆ ಅವನ ಬೆನ್ನು, ಈಚೆ ನನ್ನದು. ನಿದ್ದೆ ಬಾರದಿರಲೆಂದು ಗುನುಗಲು ಶುರು ಮಾಡಿದ್ದಾನೆ, ಅದೇ ಮೂರು ಸ್ವರ ಹತ್ತಿ, ಮೂರು ಸ್ವರ ಇಳಿದು. ನಿಲ್ಲಿಸು ಎಂದು ನಾನು ಹೇಳಲಿಲ್ಲ.